ಉಪ್ಪಾಗೆ ತೂಗಿ ನೋಡಿ: ಶಾಲೆ, ಗ್ರಾಮ ಅರಣ್ಯ ಸಮಿತಿ ಕೂಡಿ ಮಾಡುವ ಮಳೆಗಾಲದ ಪಾಠ

ಶಿರಸಿ, ಸಿದ್ದಾಪುರದ ಕಾಡಂಚಿನ ಮನೆಗಳಿಗೆ ಮಳೆಗಾಲದಲ್ಲಿ ಕೈಗೆ ಕಾಸು ತರುವುದು ಉಪ್ಪಾಗೆ ಎಂಬ ಕಾಡುಮರದ ಹುಳಿ ಹಣ್ಣಿನ ಒಣಸಿಪ್ಪೆ. ನಾವು ಬಿಟ್ಟರೆ ಬೇರೆಯವರು ಕೊಯ್ಯುತ್ತಾರೆ ಎಂಬ ಅವಸರದಲ್ಲಿ ಹಸಿರು ಕಾಯಿಗೇ ದೋಟಿ ಬೀಳುತ್ತದೆ, ಕೊಂಬೆಯೂ ಮುರಿಯುತ್ತದೆ. ಹಣ್ಣಾಗುವ ತನಕ ಕಾದರೆ ಊರಿಗೆ ಏನು ಸಿಗುತ್ತದೆ ಎಂಬುದನ್ನು ಮಕ್ಕಳು ತೂಗಿ ತೋರಿಸಲಿ.

ಶಾಲೆ ಶುರುವಾದ ವಾರದಲ್ಲೇ ಸಮಿತಿಯ ಜತೆ ಕುಳಿತು 20 ಮರ ಗುರುತಿಸಿ. ಅರಣ್ಯ ಇಲಾಖೆಯ ಒಪ್ಪಿಗೆ, ಪಾಲಕರ ಒಪ್ಪಿಗೆ ಎರಡೂ ಬರಹದಲ್ಲಿರಲಿ. ನಂಬರಿನ ತಗಡನ್ನು ಹಗ್ಗದಲ್ಲಿ ಕಟ್ಟಿ, ಮೊಳೆ ಹೊಡೆಯಬೇಡಿ. ಕಾಯಿ ಬಿಡದ ಗಂಡು ಮರಗಳನ್ನೂ ಪಟ್ಟಿಗೆ ಸೇರಿಸಿ. ದಂಡದ ಮರವೆಂದು ಅವನ್ನು ಸೌದೆಗೆ ಕಡಿದರೆ ಸುತ್ತಲಿನ ಹೆಣ್ಣು ಮರಗಳಿಗೆ ಪರಾಗ ಎಲ್ಲಿಂದ ಬರಬೇಕು? ಮಕ್ಕಳು ಮರ ಹತ್ತುವುದು ಬೇಡವೇ ಬೇಡ; ಮಳೆಯಲ್ಲಿ ತೊಗಟೆ ಜಾರುತ್ತದೆ. ಹೆಕ್ಕುವುದು, ತೂಗುವುದು, ಬರೆಯುವುದು ಅವರ ಕೆಲಸ.

ಮುಖ್ಯ ಪ್ರಯೋಗ ಇಷ್ಟೆ. ಒಂದೇ ಮರದ 5 ಕಿಲೋ ಹಸಿರು ಕಾಯಿ, 5 ಕಿಲೋ ಹಳದಿ ಹಣ್ಣು ತನ್ನಿ. ಹಣ್ಣನ್ನು ಹೆಬ್ಬೆರಳಲ್ಲಿ ಒತ್ತಿದರೆ ಗೀರಿನ ಗುಂಟ ಬಿರಿದು, ಲೋಳೆಯ ಸಮೇತ ಬೀಜ ಜಾರಿ ಬೀಳುತ್ತದೆ. ಹಸಿ ಕಾಯಿಗೆ ಕತ್ತಿಯೇ ಬೇಕು, ಹಳದಿ ಅಂಟು ಕೈಬಿಡುವುದಿಲ್ಲ. ಎರಡನ್ನೂ ಬೇರೆ ಬೇರೆ ತಟ್ಟಿಯಲ್ಲಿ ಒಂದೇ ಪದರ ಹರಡಿ, ಬೇರೆ ಬೇರೆ ದಿನ ಅದೇ ಒಲೆಯ ಮೇಲೆ ಒಣಗಿಸಿ. ಒಲೆಗಿಡುವ ಸೌದೆಯನ್ನೂ ಮೊದಲೇ ತೂಗಿ. ಒಂದು ಕಿಲೋ ಒಣ ಸಿಪ್ಪೆಗೆ ಎಷ್ಟು ಸೌದೆ, ಎಷ್ಟು ಗಂಟೆಯ ದುಡಿಮೆ ಎಂಬ ಎರಡು ಅಂಕೆಗಳೇ ಈ ಪಾಠದ ಜೀವ. ಅವುಗಳ ಪಕ್ಕದಲ್ಲಿ ಒಣ ಸಿಪ್ಪೆಯ ಆ ದಿನದ ದರ ಬರೆಸಿ.

ಒಣಗಿಸುವಾಗಲೇ ಹೆಚ್ಚು ಕೆಡುವುದು. ದಪ್ಪಗೆ ಹರಡಿದರೆ ನಡುವಿನದು ಕೊಳೆಯುತ್ತದೆ. ಉರಿ ಜೋರಾದರೆ ಹೊರಗೆ ಗರಿಗರಿ, ಒಳಗೆ ಹಸಿ. ಚೀಲಕ್ಕೆ ತುಂಬಿದ ಮೇಲೆ ಬೂಸ್ಟು ಹಿಡಿಯುತ್ತದೆ. ದಪ್ಪ ತುಂಡನ್ನು ಮುರಿದು ಒಳಭಾಗ ಒತ್ತಿ ನೋಡಿ, ಬೆರಳಿಗೆ ಪಸೆ ತಾಗಿದರೆ ಇನ್ನೊಂದು ದಿನ ಬಿಡಿ.

ಬೀಜ ಎಸೆಯಬೇಡಿ. ತೊಳೆದು, ಬಿಸಿಲಿಗೆ ಹಾಕದೆ ಬೇಗ ಬಿತ್ತಿ. ಹೊರಸಿಪ್ಪೆ ಇದ್ದಂತೆಯೇ ಬಿತ್ತಿದರೆ ಮೊಳಕೆಗೆ ತಿಂಗಳುಗಟ್ಟಲೆ ಕಾಯಬೇಕು. ಒಳತಿರುಳಿಗೆ ಗಾಯವಾಗದಂತೆ ಸುಲಿದರೆ ಬೇಗ ಬರುತ್ತದೆ. ಬೀಜದ ಸಸಿ ಗಂಡೋ ಹೆಣ್ಣೋ ಹೂ ಬಿಡುವ ತನಕ ಗೊತ್ತಾಗದು. ಎರಡೂ ಬೇಕಾದ ಕಾಡಿಗೆ ಬೀಜದ ಸಸಿಯೇ ಒಳ್ಳೆಯದು, ತೋಟದ ಬೇಲಿಗಾದರೆ ಹೆಣ್ಣು ಮರದ ಕಸಿ ಬೇಕು.

ಕೊಯ್ಲು ಮುಗಿದ ಮೇಲೆ ಮಕ್ಕಳು ಲೆಕ್ಕವನ್ನು ಸಮಿತಿಯ ಸಭೆಯಲ್ಲಿ ಓದಲಿ. ಮುಂದಿನ ವರ್ಷ ಕೊಯ್ಲು ಶುರುಮಾಡುವ ದಿನ, ಮರದ ತುದಿಯಲ್ಲಿ ಬಿಡಬೇಕಾದ ಪಾಲು ಅಲ್ಲೇ ನಿಗದಿಯಾಗಲಿ; ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಇದೇ ಹಣ್ಣು ಆಹಾರ. ಕಾಡಿನ ಫಸಲು ಸಂಗ್ರಹಿಸಲು ಟೆಂಡರ್ ಹಿಡಿದವರನ್ನೂ ಪಕ್ಕದೂರಿನ ಕೊಯ್ಲುಗಾರರನ್ನೂ ಆ ಸಭೆಗೆ ಕರೆಯಲೇಬೇಕು. ಅವರಿಲ್ಲದೆ ಗೊತ್ತುಮಾಡಿದ ದಿನಕ್ಕೆ ಕಾದು ಕುಳಿತವರಿಗೆ ಬರಿಯ ಕೊಂಬೆ ಸಿಗುತ್ತದೆ.