ಮಾತಾಡುತ್ತಾ ಹೆಬ್ಬೆರಳು ಓಡಿಸಿ

ಫಿಂಗರ್‌ಸ್ಟೈಲ್ (ಬೆರಳುಗಳಲ್ಲಿ ತಂತಿ ಮೀಟುವ) ಗಿಟಾರ್ ಕಲಿಯುತ್ತಿರುವವರಿಗೆ ಒಂದು ಸಲಹೆ: ಹೆಬ್ಬೆರಳಿನಲ್ಲಿ ಬೇಸ್ (ದಪ್ಪ ತಂತಿಗಳ ತಗ್ಗು ಸ್ವರ) ನುಡಿಸುತ್ತಲೇ ಮನೆಯವರ ಜೊತೆ ಆರಾಮಾಗಿ ಮಾತಾಡಲು ಬರುವವರೆಗೆ, ಮೀಟುವ ಕೈಯ ಉಳಿದ ಬೆರಳುಗಳನ್ನು ತಂತಿಗೆ ತಾಗಿಸಬೇಡಿ. ಸಿ ಕಾರ್ಡ್ ಹಿಡಿಯಿರಿ, ಲಯ ತೋರಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಒಂದು ಬಡಿತಕ್ಕೆ 5ನೇ ತಂತಿ, ಮುಂದಿನದಕ್ಕೆ 4ನೇ ತಂತಿ, ಅಷ್ಟೇ. ಅದು ಓಡುತ್ತಿರುವಾಗಲೇ "ಇವತ್ತು ತಿಂಡಿ ಏನು?" ಅಂತ ಕೇಳಿ, ಮಾತು ಮುಂದುವರಿಸಿ. ಹೆಬ್ಬೆರಳು ತಡವರಿಸಿದರೆ ಇನ್ನೆರಡು ದಿನ ಅದನ್ನೇ ಮಾಡಿ. ಹೆಬ್ಬೆರಳು ತಾನಾಗಿ ನಡೆದರೆ ಮಾತ್ರ ನಿಮ್ಮ ಗಮನ ಪೂರ್ತಿ ಉಳಿದ ಬೆರಳುಗಳು ನುಡಿಸುವ ರಾಗದ ಕಡೆ ಹೋಗುತ್ತದೆ. ಆಮೇಲೆ ಮೊದಲು ಬೇಸ್ ಬಡಿತದ ಜೊತೆಗೇ ಬೀಳುವ ಸ್ವರಗಳನ್ನು ಸೇರಿಸಿ, ನಂತರ ಎರಡು ಬಡಿತಗಳ ನಡುವೆ ಬರುವವನ್ನು. ಅಂಗೈಯ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈ ಮೇಲೆ ತಂತಿಗಳು ಸೇರುವ ಪಟ್ಟಿ) ಪಕ್ಕ ದಪ್ಪ ತಂತಿಗಳ ಮೇಲೆ ಹಗುರವಾಗಿ ಇಟ್ಟರೆ ಬೇಸ್ ಡುಬ್ ಡುಬ್ ಅನ್ನುತ್ತದೆ, ರಾಗ ಮಾತ್ರ ತಿಳಿಯಾಗಿ ಮೇಲೆ ಕೇಳುತ್ತದೆ. ಒಂದೇ ಗಿಟಾರ್, ಇಬ್ಬರು ನುಡಿಸಿದ ಹಾಗೆ! ಈ ಶೈಲಿಯ ಸೊಗಸೇ ಅದು, ಅಲ್ವಾ? ಅಂಗೈ ಸ್ವಲ್ಪ ಜಾಸ್ತಿ ಮುಂದೆ ಜಾರಿದರೂ ಸ್ವರ ಸತ್ತೇ ಹೋಗುತ್ತದೆ, ಜೋಪಾನ. ಈ ಶೈಲಿಗೆ ಟ್ರಾವಿಸ್ ಪಿಕಿಂಗ್ ಅನ್ನುತ್ತಾರೆ, ಅಮೆರಿಕದ ಕೆಂಟಕಿಯ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಅವರ ಹೆಸರಿನಲ್ಲಿ. ಅವರು ಹೆಚ್ಚಾಗಿ ಹೆಬ್ಬೆರಳು, ತೋರುಬೆರಳು ಎರಡರಲ್ಲೇ ನುಡಿಸುತ್ತಿದ್ದರು. ಹಾಗಾಗಿ ನಾಲ್ಕೂ ಬೆರಳು ಪಳಗಲಿ ಅಂತ ಕಾಯಬೇಕಿಲ್ಲ. ಆದರೆ ಬೇಸ್ ಒಂದೇ ಸಮ ನಡೆಯದ ತುಣುಕುಗಳಿಗೆ, ಮುಖ್ಯವಾಗಿ ಕ್ಲಾಸಿಕಲ್ ಗಿಟಾರಿನವಕ್ಕೆ, ಈ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಎಲ್ಲ ಬೆರಳುಗಳನ್ನೂ ಒಟ್ಟಿಗೇ, ಒಂದೊಂದೇ ಸಾಲು ನಿಧಾನವಾಗಿ ಕಲಿಯಬೇಕು.