ಮೆಷಿನ್ ಶಾಪಿನ ಹಳೇ ಆಯಿಲ್: ಡ್ರಮ್ಮಿಗೆ ಸುರಿಯುವ ಮುಂಚೆ

ಪೀಣ್ಯದಂಥ ಕಡೆ ನಾಲ್ಕೈದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್ ಹಾಕಿಕೊಂಡಿರುವ ಶಾಪಿನಲ್ಲಿ ಅಪಾಯಕಾರಿ ತ್ಯಾಜ್ಯ ಅಂದರೆ ಮುಖ್ಯವಾಗಿ ಮೂರು: ಮೆಷಿನ್ನಿನಿಂದ ಇಳಿಸಿದ ಆಯಿಲ್, ಎಣ್ಣೆ ಒರೆಸಿದ ಬನಿಯನ್ ವೇಸ್ಟ್, ಕೆಮಿಕಲ್ ಬಂದಿದ್ದ ಖಾಲಿ ಡ್ರಮ್ಮು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಒಂದನೇ ಷೆಡ್ಯೂಲಿನಲ್ಲಿ ಇವಕ್ಕೆ 5.1, 33.2, 33.1 ಎಂಬ ನಂಬರುಗಳಿವೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿ ಪತ್ರದಲ್ಲಿ, ಅಂದರೆ ಆಥರೈಸೇಶನ್ನಿನಲ್ಲಿ, ಈ ನಂಬರುಗಳೂ ಪ್ರಮಾಣವೂ ಇವೆಯೇ ಎಂದು ಮೊದಲು ನೋಡಿಕೊಳ್ಳಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ, ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದಾಗ. ಲೋಹ ಕತ್ತರಿಸುವಾಗ ತಂಪಿಗೆ ಸುರಿಯುವ, ಹಾಲಿನಂತೆ ಬೆಳ್ಳಗಿರುವ ಕೂಲಂಟ್‌ನಲ್ಲಿ ಬಹುಪಾಲು ನೀರೇ. ಅದನ್ನು ಹೈಡ್ರಾಲಿಕ್ ಆಯಿಲ್ ಜೊತೆ ಬೆರೆಸಿದರೆ ದುಡ್ಡು ಕೊಟ್ಟು ಒಯ್ಯುತ್ತಿದ್ದ ರೀ-ರಿಫೈನರ್ (ಹಳೇ ಆಯಿಲ್ ಶುದ್ಧ ಮಾಡುವವನು) ಮುಟ್ಟುವುದೂ ಇಲ್ಲ. ಥಿನ್ನರ್ ಸೇರಿದರೆ ಇನ್ನೂ ಕಷ್ಟ, ಆಯಿಲ್ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಆಯಿಲ್, ಕೂಲಂಟ್, ಥಿನ್ನರಿಗೆ ಮೂರು ಡ್ರಮ್ಮು, ಮೂರು ಬಣ್ಣ, ಮೂರು ಬೇರೆ ಫನೆಲ್. ಫನೆಲ್ ಒಂದೇ ಆದರೆ ಬಣ್ಣ ಬಳಿದೂ ದಂಡ. ಬನಿಯನ್ ವೇಸ್ಟಿಗೆ ಮುಚ್ಚಳವಿರುವ ತಗಡಿನ ಡಬ್ಬವೇ ಬೇಕು. ಬಣ್ಣ, ವಾರ್ನಿಷ್ ಒರೆಸಿದ ಬಟ್ಟೆ ಗುಡ್ಡೆಯಾಗಿ ಬಿದ್ದರೆ ತಾನಾಗೇ ಕಾದು ಹೊತ್ತಬಹುದು.

ಸೋರಿದ್ದು ಹರಿದು ಹೋಗದಂತೆ ಡ್ರಮ್ಮಿನ ಸುತ್ತ ಕಟ್ಟೆ ಕಟ್ಟುವಾಗ ಲೆಕ್ಕ ತಪ್ಪುತ್ತದೆ. ಅತಿ ದೊಡ್ಡ ಡ್ರಮ್ಮಿನ 110% ಹಿಡಿಯಬೇಕು, ಅಂದರೆ 200 ಲೀಟರಿಗೆ 220. ಒಳಗಳತೆ ಒಂದೂವರೆ ಮೀಟರ್ ಚೌಕ, ಎತ್ತರ 15 ಸೆಂ.ಮೀ. ಇದ್ದರೆ ಸುಮಾರು 337 ಲೀಟರ್, ಸಾಕಾಯಿತು ಅನ್ನಿಸುತ್ತದೆ. ಆದರೆ ಒಳಗೆ ನಾಲ್ಕು ಡ್ರಮ್ಮು ಇಟ್ಟರೆ ಅವು ನಿಂತ ಜಾಗವೇ 160 ಲೀಟರಿನಷ್ಟು ತಿನ್ನುತ್ತದೆ, ಉಳಿಯುವುದು 175. ಎತ್ತರ 20 ಸೆಂ.ಮೀ. ಮಾಡಿ. ಮೇಲೆ ಶೀಟ್ ಹಾಕಿ, ಇಲ್ಲದಿದ್ದರೆ ಒಂದು ಮಳೆಗೆ ಕಟ್ಟೆ ತುಂಬಿ ಅದೂ ಎಣ್ಣೆನೀರಾಗುತ್ತದೆ.

ಡ್ರಮ್ಮಿಗೆ ಅಂಟಿಸುವ ಫಾರಂ 8ರ ಲೇಬಲ್ಲಿನಲ್ಲಿ ತಾರೀಕು ಬರೆಯುವುದು ಡ್ರಮ್ಮು ತುಂಬಿದ ದಿನವಲ್ಲ, ಮೊದಲ ಸಲ ಸುರಿದ ದಿನ. ಇಟ್ಟುಕೊಳ್ಳಲು ಇರುವುದು 90 ದಿನ. ವರ್ಷಕ್ಕೆ 10 ಟನ್ನಿನೊಳಗಿನವರಿಗೆ ಮಂಡಳಿ 180 ದಿನದವರೆಗೆ ವಿಸ್ತರಿಸಬಹುದು, ತಾನಾಗೇ ಸಿಗುವುದಿಲ್ಲ. ಡ್ರಮ್ಮಿನ ಬಾಯಿಯಿಂದ ನಾಲ್ಕು ಬೆರಳು ಬಿಟ್ಟು ಸುರಿಯುವುದನ್ನು ನಿಲ್ಲಿಸಿ, ಬಿಸಿಲಿಗೆ ಆಯಿಲ್ ಉಬ್ಬುತ್ತದೆ.

ಗುಜರಿಯವನು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟರೂ ಬೇಡ. ಆಥರೈಸೇಶನ್ ಇರುವವರಿಗೇ ಫಾರಂ 10ರ ಮ್ಯಾನಿಫೆಸ್ಟ್ (ಸಾಗಣೆ ಪತ್ರ) ಜೊತೆ ಕಳಿಸಿ. ಏಳು ಪ್ರತಿಗಳಲ್ಲಿ ಬಿಳಿಯದು ಮಂಡಳಿಗೆ, ಸಾಗಣೆದಾರನ ಸಹಿ ಹಾಕಿಸಿದ ಹಳದಿಯದು ನಿಮಗೆ. ಮಾಲು ತಲುಪಿತು ಎನ್ನುವುದಕ್ಕೆ ಸಾಕ್ಷಿ ಮಾತ್ರ ಮಾಲು ತೆಗೆದುಕೊಂಡವರಿಂದ ತಿರುಗಿ ಬರುವ ನೀಲಿ ಪ್ರತಿ. ಬರದಿದ್ದರೆ ಫೋನ್ ಮಾಡಿ ತರಿಸಿಕೊಳ್ಳಿ.

ಹಾಳಾದ ಟ್ಯೂಬ್‌ಲೈಟಿನಲ್ಲಿ (ಎಲ್‌ಇಡಿ ಅಲ್ಲದ್ದರಲ್ಲಿ) ಪಾದರಸವಿದೆ. ಹೊಸ ಟ್ಯೂಬು ಬಂದ ರಟ್ಟಿನ ಕವರಿಗೇ ಹಾಕಿಡಿ. ಒಡೆದರೆ ಪೊರಕೆ ಹಿಡಿಯಬೇಡಿ, ಕಿಟಕಿ ತೆಗೆದು ರಟ್ಟಿನಿಂದ ಬಳಿದು ಪುಡಿಯನ್ನು ಟೇಪಿಗೆ ಅಂಟಿಸಿ ತೆಗೆಯಿರಿ. ಯುಪಿಎಸ್ ಬ್ಯಾಟರಿ ನೆಟ್ಟಗೆ ನಿಲ್ಲಿಸಿ, ಹೊಸದು ತರುವಾಗ ಡೀಲರಿಗೇ ವಾಪಸ್ ಕೊಡಿ.

ಪ್ರತಿ ವರ್ಷ ಜೂನ್ 30ರೊಳಗೆ ಮಂಡಳಿಗೆ ಫಾರಂ 4, ಅಂದರೆ ವಾರ್ಷಿಕ ಲೆಕ್ಕ, ಹೋಗಬೇಕು. ಅದರ ಅಂಕಿಗಳು ಫಾರಂ 3ರ ರಿಜಿಸ್ಟರಿಗೂ ಮ್ಯಾನಿಫೆಸ್ಟ್‌ಗಳ ಮೊತ್ತಕ್ಕೂ ತಾಳೆಯಾಗಬೇಕು. ರಿಜಿಸ್ಟರಿನಲ್ಲಿ ಲೀಟರ್, ಮ್ಯಾನಿಫೆಸ್ಟಿನಲ್ಲಿ ಕೆಜಿ ಬರೆದಿರುವುದೇ ತಾಳೆಯಾಗದಿರಲು ಸಾಮಾನ್ಯ ಕಾರಣ.