ತೆನೆ ಹಬ್ಬಕ್ಕೆ ಹನ್ನೆರಡು ಲಕೋಟೆ

ಹೊನ್ನಾವರದ ಹತ್ತಿರ ನಮ್ಮ ಕಾನ್ವೆಂಟು. ನಾವು ಏಳು ಜನ ಸಿಸ್ಟರ್‌ಗಳಿದ್ದೇವೆ. ಆರು ವರ್ಷದಿಂದ ಅಡುಗೆಮನೆ, ಹಿತ್ತಲು ಎರಡೂ ನನ್ನ ಜವಾಬ್ದಾರಿ. ಬೆಳಿಗ್ಗೆ ಐದಕ್ಕೆ ಗಂಟೆ ಬಾರಿಸುತ್ತದೆ. ಪ್ರಾರ್ಥನೆ, ಧ್ಯಾನ, ಪೂಜೆ ಮುಗಿಸಿ ನಾನು ಒಲೆ ಹಚ್ಚುತ್ತೇನೆ. ರಾತ್ರಿ ಜಪಸರ ಆದ ಮೇಲೆ ಮನೆಯಲ್ಲಿ ಮೌನ.

ವರ್ಷದಲ್ಲಿ ನಾನು ಜಾಸ್ತಿ ಕಾಯುವುದು ಮೊಂತಿ ಹಬ್ಬಕ್ಕೆ. ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಮ್ಮನವರು ಹುಟ್ಟಿದ ದಿನ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ, ಅಂದರೆ ಹಬ್ಬಕ್ಕೆ ಮುಂಚಿನ ಪ್ರಾರ್ಥನೆ. ಸುತ್ತಲಿನ ಮಕ್ಕಳು ಮರಿಯಮ್ಮನವರಿಗೆ ಹೂವು ಹಾಕಲು ಮಳೆಯಲ್ಲೇ ಬುಟ್ಟಿ ಹಿಡಿದು ಬರುತ್ತಾರೆ. ಅಬ್ಬಲಿಗೆ, ದಾಸವಾಳ, ಬೇಲಿಯ ಕಾಡು ಹೂವು, ಏನು ಸಿಕ್ಕಿದರೆ ಅದು. ಹೂವು ಸಾಲದಿದ್ದ ದಿನ ಬುಟ್ಟಿಗೆ ಎಲೆ ತುಂಬಿ ತಂದವರೂ ಇದ್ದಾರೆ. ಯಾರನ್ನೂ ಹಿಂದೆ ಕಳಿಸಬಾರದು, ಅಲ್ವಾ?

ಹಬ್ಬದ ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸ ಭತ್ತದ ತೆನೆಗೆ ಆಶೀರ್ವಾದ. ಮನೆಗೊಂದು ತೆನೆ ಸಿಗುತ್ತದೆ. ಅವತ್ತು ಮೀನು, ಮಾಂಸ ಇಲ್ಲ. ಬಾಳೆಎಲೆಯ ಮೇಲೆ ಪಲ್ಯಗಳ ಲೆಕ್ಕ ಬೆಸ ಇರಬೇಕು. ನಾನು ಏಳು ಮಾಡುತ್ತೇನೆ. ಹರಿವೆ ದಂಟು, ಕೆಸು, ಬೆಂಡೆ, ಹೀರೆ ನಮ್ಮ ಹಿತ್ತಲಲ್ಲೇ ಆಗುತ್ತವೆ. ಉಳಿದದ್ದನ್ನು ಸಂತೆಯಲ್ಲಿ ಹಾಲಕ್ಕಿ ಗೌಡತಿಯರ ಹತ್ತಿರ ತರುತ್ತೇನೆ.

ಊಟಕ್ಕೆ ಮೊದಲು ತೆನೆಯ ಕಾಳು ಸುಲಿಯಬೇಕು. ಇದಕ್ಕೆ ಎಲ್ಲರೂ ಒಂದೇ ಮೇಜಿಗೆ ಬರುತ್ತೇವೆ. ಕೇರಳದವರೊಬ್ಬರು, ಹಳಿಯಾಳದ ಕಡೆಯ ಸಿದ್ದಿ ಹುಡುಗಿಯೊಬ್ಬಳು, ನಾವು ಕೊಂಕಣಿಯವರು. ಪ್ರಾರ್ಥನೆ ಕನ್ನಡದಲ್ಲಿ, ಮಾತು ಎಲ್ಲ ಸೇರಿದ್ದು. ಉಗುರಿನಿಂದ ಒಂದೊಂದೇ ಕಾಳು ಬಿಡಿಸುತ್ತೇವೆ. ಕೆಲವು ಕಾಳು ಇನ್ನೂ ಹಸಿ, ಒತ್ತಿದರೆ ಬಿಳಿ ಹಾಲು ಬರುತ್ತದೆ. ಸುಲಿದ ಕಾಳನ್ನು ಕಾಯಿಹಾಲು, ಬೆಲ್ಲದ ಪಾಯಸಕ್ಕೆ ಹಾಕಿ, ಮನೆಯಲ್ಲಿ ಹಿರಿಯ ಸಿಸ್ಟರ್ ಕೈಯಿಂದ ಎಲ್ಲರಿಗೂ ಒಂದೊಂದು ಚಮಚ. ಅವರಿಗೆ ಹಲ್ಲಿಲ್ಲ. ಅವರ ಪಾಲಿನದನ್ನು ನಾನು ಕುಟ್ಟಿ ಕೊಡುತ್ತೇನೆ.

ಸ್ವಲ್ಪ ಕಾಳು ಎತ್ತಿಡುತ್ತೇನೆ, ವರ್ಗವಾಗಿ ಹೋದವರಿಗೆ. ನಮ್ಮಲ್ಲಿ ಯಾರೂ ಒಂದೇ ಮನೆಯಲ್ಲಿ ಉಳಿಯುವುದಿಲ್ಲ. ಜೊತೆಗೆ ಉಂಡು, ಜ್ವರ ಬಂದಾಗ ಗಂಜಿ ಕೊಟ್ಟವರು ಒಂದು ಪೆಟ್ಟಿಗೆ ಹಿಡಿದು ಹೊರಟುಬಿಡುತ್ತಾರೆ. ಹಬ್ಬಕ್ಕೆ ಮನೆಯವರೆಲ್ಲರಿಗೂ ಹೊಸತು ಮುಟ್ಟಬೇಕು, ದೂರ ಇದ್ದವರಿಗೂ. ನಮ್ಮ ಅಮ್ಮ ಮುಂಬೈಯಲ್ಲಿದ್ದ ಅಣ್ಣನಿಗೆ ಹೀಗೇ ಅಂಚೆಯಲ್ಲಿ ಕಳಿಸುತ್ತಿದ್ದರು.

ಮೊದಲ ವರ್ಷ ನನಗೆ ಗೊತ್ತಾಗಲಿಲ್ಲ. ಒದ್ದೆ ಕಾಳನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಎರಡು ದಿನ ಬಿಟ್ಟೆ. ಬೂಸಲು ಬಂತು. ಆಶೀರ್ವಾದದ ಕಾಳನ್ನು ಎಸೆಯುವ ಹಾಗಿಲ್ಲ, ತೆಂಗಿನ ಬುಡದಲ್ಲಿ ಹೂತೆ. ಅವತ್ತು ತುಂಬಾ ಅತ್ತಿದ್ದೆ. ಈಗ ಮೊದಲು ಒಲೆಯ ಬದಿ ಬಟ್ಟೆ ಮೇಲೆ ಹರಡುತ್ತೇನೆ. ಆರಿದ ಮೇಲೆ ಕಾವಲಿಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ, ಕಾಗದದಲ್ಲಿ ಮಡಚುತ್ತೇನೆ. ಒಬ್ಬೊಬ್ಬರಿಗೆ ಮೂರು ಕಾಳು, ಜೊತೆಗೆ ಎಲ್ಲರೂ ಬರೆದ ಒಂದು ಸಾಲು.

ಹೋದ ವರ್ಷ ಜಾರ್ಖಂಡ್‌ನಿಂದ ಒಬ್ಬರು ಫೋನ್ ಮಾಡಿದ್ದರು. "ಪಾಯಸ ಮಾಡಲು ಹೊತ್ತಾಗಲಿಲ್ಲ ಸಿಸ್ಟರ್, ಚಹಾಕ್ಕೆ ಹಾಕಿ ಕುಡಿದೆ. ಅಡುಗೆಮನೆಯ ಮೇಜು ಕಣ್ಣಿಗೆ ಬಂತು" ಎಂದರು.

ಈ ಮೇ ತಿಂಗಳಲ್ಲಿ ಮತ್ತೆ ಇಬ್ಬರಿಗೆ ವರ್ಗವಾಯಿತು. ಮೊದಲು ಹತ್ತು ಲಕೋಟೆ ಇತ್ತು, ಈಗ ಹನ್ನೆರಡು.